‘ನಾನು’ ಎನ್ನುವುದರಿಂದ ‘ನನಗೆ’ ಎನ್ನುವುದರ ಕಡೆಗೆ: ಪಾತ್ರ ಮುಗಿದ ಮೇಲೆ ತನ್ನನ್ನು ತಾನು ಮತ್ತೆ ಕಂಡುಕೊಳ್ಳುವ ಮಾರ್ಗದರ್ಶಿ

ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ನನ್ನ ಅತ್ತೆಯವರು ತೀರಿಕೊಂಡು ನಾಲ್ಕು ತಿಂಗಳು ಕಳೆದ ಮೇಲೂ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಗುತ್ತಿತ್ತು. ಬೆನ್ನಿನಲ್ಲಿ ಹುಣ್ಣಾಗದಂತೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದ ಹೊತ್ತು ಅದು. ಕತ್ತಲಲ್ಲೇ ನಡುಮನೆಯನ್ನು ದಾಟಿ, ಕೋಣೆಯ ಬಾಗಿಲಿಗೆ ಕೈ ಹಚ್ಚಿದ ಮೇಲೆ, ಒಳಗೆ ಮಂಚವೇ ಇಲ್ಲವೆಂಬುದು ನೆನಪಾಗುತ್ತಿತ್ತು. ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಆ ಒಂಬತ್ತು ವರ್ಷ ನನ್ನನ್ನು ಹೆಸರು ಹಿಡಿದು ವಿಚಾರಿಸಿದವರು ಕಡಿಮೆ. ‘ಅತ್ತೆಯನ್ನು ನೋಡಿಕೊಳ್ಳುವ ಸೊಸೆ’ ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವರು ಹೋದ ಮೇಲೆ ಕಂಡವರೆಲ್ಲ ‘ಇನ್ನಾದರೂ ನಿನಗೆ ಬಿಡುವಾಯಿತಲ್ಲ’ ಎನ್ನುತ್ತಿದ್ದರು. ಬಿಡುವೇನೋ ಆಗಿತ್ತು, ಆದರೆ ಆ ಬಿಡುವಿನಲ್ಲಿ ಇರಬೇಕಾದವಳು ಯಾರೆಂಬುದು ನನಗೆ ತಿಳಿಯುತ್ತಿರಲಿಲ್ಲ.

ಅರವತ್ತಕ್ಕೆ ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಎಂಟಂಕಣದ ಮನೆಯಲ್ಲಿ ಇಬ್ಬರೇ ಉಳಿದವರು, ಸಂಗಾತಿಯನ್ನು ಕಳೆದುಕೊಂಡವರು, ಮದುವೆಯಿಂದ ಹೊರಬಂದವರು, ನಗರದ ಕೆಲಸ ಬಿಟ್ಟು ತೋಟಕ್ಕೆ ಮರಳಿದವರು, ಇವರೆಲ್ಲರ ಸ್ಥಿತಿಯಲ್ಲೂ ಇಂಥದೊಂದು ಬಾಗಿಲು ಇದ್ದೇ ಇರುತ್ತದೆ. ಮಲೆನಾಡಿನಲ್ಲಿ ಇದು ಇನ್ನಷ್ಟು ಗಟ್ಟಿ, ಏಕೆಂದರೆ ಇಲ್ಲಿ ನಾವು ಜನರನ್ನು ಪಾತ್ರದಿಂದಲೇ ಕರೆಯುತ್ತೇವೆ: ಮೇಷ್ಟ್ರು, ಪಟೇಲರು, ಪೋಸ್ಟ್ ಮಾಸ್ಟ್ರು, ಕೊನೆಗಾರ, ಮೇಲಿನಮನೆ ಸೊಸೆ. ಮದುವೆಯ ದಿನವೇ ಹೆಣ್ಣಿನ ಹೆಸರನ್ನು ಬದಲಿಸುತ್ತಿದ್ದ ಮನೆಗಳೂ ನಮ್ಮ ಸೀಮೆಯಲ್ಲಿದ್ದವು. ‘ನಾನಾರು’ ಎಂಬ ಪ್ರಶ್ನೆಯಾದರೂ ಈ ಜಿಲ್ಲೆಗೆ ಹೊಸದಲ್ಲ. ಅಲ್ಲಮನ ಬಳ್ಳಿಗಾವಿ ಮತ್ತು ಅಕ್ಕನ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ, ಹನ್ನೆರಡನೆಯ ಶತಮಾನದಲ್ಲೇ ಆ ಪ್ರಶ್ನೆಯನ್ನು ಅವರು ಕೊನೆಯವರೆಗೂ ಕೇಳಿಕೊಂಡು ಹೋದರು. ಅಕ್ಕನಂತೆ ಮನೆಯನ್ನೇ ಬಿಟ್ಟು ನಡೆಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮನೆಯೊಳಗೇ ಇದ್ದು, ಬೆಳಗಿನ ದೋಸೆ ಹೊಯ್ಯುತ್ತಲೇ ಅದನ್ನು ಕೇಳಿಕೊಳ್ಳಬೇಕಾದವರಿಗಾಗಿ ನಾನಿದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮುಗಿದದ್ದು ಯಾವುದೆಂದು ಬಿಡಿಸಿ ನೋಡುವುದು

ಪಾತ್ರವೊಂದು ಹೋದಾಗ ಒಂದೇ ವಸ್ತು ಹೋದಂತೆ ತೋರುತ್ತದೆ, ಆದರೆ ಅದರ ಜೊತೆಯಲ್ಲಿ ಆರೇಳು ಬೇರೆ ಬೇರೆ ಸಂಗತಿಗಳು ಹೋಗಿರುತ್ತವೆ. ಒಂದು ಹಾಳೆಯ ಮೇಲೆ ಅವುಗಳನ್ನು ಒಂದರ ಕೆಳಗೊಂದು ಬರೆಯಿರಿ: ದಿನದ ವೇಳಾಪಟ್ಟಿ, ಕೈಗೆ ಬರುತ್ತಿದ್ದ ಹಣ, ನಿತ್ಯ ಕಾಣುತ್ತಿದ್ದ ಜನ, ಜನ ಕರೆಯುತ್ತಿದ್ದ ಹೆಸರು, ನಿಮ್ಮ ಮಾತು ನಡೆಯುತ್ತಿದ್ದ ಜಾಗ, ಕೈಗೆ ಅಭ್ಯಾಸವಾಗಿದ್ದ ಕೆಲಸ, ಯಾರಿಗೋ ಬೇಕಾದವರಾಗಿದ್ದೇವೆ ಎಂಬ ಭಾವನೆ. ಪ್ರತಿಯೊಂದರ ಮುಂದೆ, ಅದು ಹೋದದ್ದು ನಿಜವಾಗಿ ನೋಯುತ್ತಿದೆಯೇ, ಹಗುರವೆನಿಸಿದೆಯೇ, ಅಥವಾ ಏನೂ ಅನ್ನಿಸುತ್ತಿಲ್ಲವೇ ಎಂದು ಒಂದೊಂದು ಮಾತು ಬರೆಯಿರಿ. ಹಗುರವೆನಿಸಿದ್ದನ್ನು ಬರೆಯಲು ನಾಚಬೇಡಿ. ಅತ್ತೆಯವರ ಔಷಧಿಯ ಲೆಕ್ಕ ಇಡುವ ಕೆಲಸ ತಪ್ಪಿದ್ದು ನನಗೆ ಹಗುರವೆನಿಸಿತ್ತು, ಹಾಗೆ ಬರೆದ ದಿನ ಬಹಳ ಹೊತ್ತು ಅತ್ತಿದ್ದೆ.

ಈ ಬಿಡಿಸುವ ಕೆಲಸದಿಂದ ಏನು ಪ್ರಯೋಜನ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು, 1936ರಲ್ಲಿ ಕಾಗದದ ಕಂಪನಿ ಸ್ಥಾಪನೆಯಾಯಿತು. ಆಮೇಲೆ ಊರಿಗೆ ಊರೇ ‘ನಾವು ಕಾರ್ಖಾನೆಯವರು’ ಎಂದು ಹೇಳಿಕೊಂಡು ಬದುಕಿತು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಸಂಬಂಧಿಕರೊಬ್ಬರು ಕೆಲಸ ನಿಂತ ಮೇಲೆ ಎರಡು ವರ್ಷ ಮಂಕಾಗಿ ಕುಳಿತಿದ್ದರು. ಪಟ್ಟಿ ಮಾಡಿಸಿದಾಗ ತಿಳಿದದ್ದೇನೆಂದರೆ, ಯಂತ್ರದ ಮುಂದಿನ ಕೆಲಸ ಅವರಿಗೆ ಎಂದೂ ಅಷ್ಟೊಂದು ಪ್ರೀತಿಯದಾಗಿರಲಿಲ್ಲ; ಅವರಿಗೆ ಬೇಕಾಗಿದ್ದದ್ದು ಪಾಳಿ ಬದಲಾಗುವ ಹೊತ್ತಿನಲ್ಲಿ ನಾಲ್ಕು ಜನರೊಡನೆ ಕುಡಿಯುತ್ತಿದ್ದ ಚಹಾ. ಆ ನಾಲ್ವರಲ್ಲಿ ಮೂವರು ಇನ್ನೂ ಅದೇ ಊರಿನಲ್ಲಿದ್ದರು. ಮೂವತ್ತು ವರ್ಷದ ಕೆಲಸವನ್ನು ಯಾರೂ ಮರಳಿ ಕೊಡಲಾರರು, ಆದರೆ ಸಂಜೆಯ ಚಹಾವನ್ನು ಒಂದು ಫೋನ್ ಕರೆಯಿಂದ ಮರಳಿ ಪಡೆಯಬಹುದಾಗಿತ್ತು.

ಎರಡನೆಯ ಹೆಜ್ಜೆ: ಮುಗಿದದ್ದಕ್ಕೆ ಒಂದು ಗುರುತು ಹಾಕುವುದು

ಬದುಕಿನ ಹೊಸ್ತಿಲು ದಾಟುವ ಆಚರಣೆಗಳನ್ನು ಕುರಿತು 1909ರಲ್ಲಿ ಬರೆದ ಮಾನವಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಗೆನೆಪ್, ಅವುಗಳಲ್ಲಿ ಮೂರು ಘಟ್ಟಗಳನ್ನು ಗುರುತಿಸಿದರು: ಹಳೆಯದರಿಂದ ಬೇರ್ಪಡುವುದು, ಹೊಸ್ತಿಲಿನ ಮೇಲೆ ನಿಲ್ಲುವುದು, ಹೊಸದರೊಳಗೆ ಸೇರಿಕೊಳ್ಳುವುದು. ಮದುವೆ, ಸೀಮಂತ, ಸಾವು, ಇವಕ್ಕೆಲ್ಲ ನಮ್ಮಲ್ಲಿ ವಿಧಿಗಳಿವೆ, ನೆಂಟರು ಸೇರುತ್ತಾರೆ, ಊಟವಾಗುತ್ತದೆ. ಕೊನೆಯ ಮಗ ಹಾಸ್ಟೆಲ್ಲಿಗೆ ಹೋದ ಮರುದಿನಕ್ಕೆ, ಆರೈಕೆಯ ಕೆಲಸ ಮುಗಿದ ಸೊಸೆಗೆ, ಅಂಗಡಿ ಮುಚ್ಚಿದ ಗಂಡಸಿಗೆ ಯಾವ ವಿಧಿಯೂ ಇಲ್ಲ. ಹೀಗಾಗಿ ಮನಸ್ಸು ಮುಗಿದದ್ದನ್ನು ಮುಗಿಯಿತೆಂದು ಒಪ್ಪಿಕೊಳ್ಳುವುದೇ ಇಲ್ಲ.

ನೀವೇ ಒಂದನ್ನು ಮಾಡಿಕೊಳ್ಳಿ. ಪಾತ್ರಕ್ಕೆ ಸೇರಿದ ಒಂದು ವಸ್ತುವನ್ನು ಆರಿಸಿ, ಅದನ್ನು ಅದರ ಅಗತ್ಯವಿರುವವರಿಗೆ ನಿಮ್ಮ ಕೈಯಿಂದಲೇ ಕೊಡಿ, ಕೊಡುವಾಗ ಅದರಿಂದ ನೀವು ಮಾಡಿದ ಕೆಲಸವೇನೆಂದು ಬಾಯಿ ಬಿಟ್ಟು ಹೇಳಿ. ನಾನು ಅತ್ತೆಯವರ ಗಾಳಿ ಹಾಸಿಗೆಯನ್ನು ಪಕ್ಕದ ಊರಿನ ಒಂದು ಮನೆಗೆ ಒಯ್ದು, ಗಾಳಿ ಎಷ್ಟು ತುಂಬಬೇಕು, ಎರಡು ಗಂಟೆಗೊಮ್ಮೆ ಹೇಗೆ ಮಗ್ಗುಲು ತಿರುಗಿಸಬೇಕು, ಹಿಮ್ಮಡಿಯ ಕೆಳಗೆ ಬಟ್ಟೆಯ ಸುರುಳಿ ಎಲ್ಲಿ ಇಡಬೇಕು ಎಂಬುದನ್ನೆಲ್ಲ ಆ ಮನೆಯ ಹುಡುಗಿಗೆ ತೋರಿಸಿಕೊಟ್ಟು ಬಂದೆ. ನನ್ನ ರಾತ್ರಿಯ ಎಚ್ಚರ ಅಂದೇ ನಿಲ್ಲಲಿಲ್ಲ, ಆದರೆ ಎದ್ದು ಆ ಬಾಗಿಲಿನವರೆಗೆ ನಡೆಯುವುದು ನಿಂತಿತು.

ಮೂರನೆಯ ಹೆಜ್ಜೆ: ನಡುವಿನ ಕಾಲವನ್ನು ತುಂಬಿಸದೆ ಬಿಡುವುದು

ಹಳೆಯದು ಹೋಗಿ ಹೊಸದು ಬಾರದ ಈ ಅವಧಿಯೇ ಅತ್ಯಂತ ಕಷ್ಟದ್ದು, ಜನ ತಪ್ಪು ಮಾಡುವುದೂ ಇಲ್ಲಿಯೇ. ನಿವೃತ್ತಿಯ ಮರುವಾರವೇ ಸಂಘವೊಂದರ ಕಾರ್ಯದರ್ಶಿಯಾಗುವವರು, ಗಂಡನನ್ನು ಕಳೆದುಕೊಂಡ ಮೂರೇ ತಿಂಗಳಿಗೆ ತೋಟ ಮಾರಿ ಮಗನ ಫ್ಲ್ಯಾಟಿಗೆ ಹೊರಟುಬಿಡುವವರು, ಒಂದು ನಾಮಪದ ಹೋದ ಜಾಗಕ್ಕೆ ಸಿಕ್ಕಿದ ಇನ್ನೊಂದು ನಾಮಪದವನ್ನು ತುರುಕುತ್ತಿರುತ್ತಾರೆ. ನನ್ನ ಖಚಿತವಾದ ಸಲಹೆ ಇದು: ಅಡಿಕೆಯ ಒಂದು ಕೊನೆಕೊಯ್ಲಿನಿಂದ ಮುಂದಿನ ಕೊನೆಕೊಯ್ಲಿನವರೆಗೆ, ಅಂದರೆ ಒಂದು ಪೂರ್ತಿ ಸುತ್ತು, ಹಿಂತೆಗೆದುಕೊಳ್ಳಲಾಗದ ಯಾವ ನಿರ್ಧಾರವನ್ನೂ ಮಾಡಬೇಡಿ. ಹಣದ ಅಥವಾ ಸುರಕ್ಷತೆಯ ತುರ್ತು ಇದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಏಳುವ ಹೊತ್ತು, ಉಣ್ಣುವ ಹೊತ್ತು ಮತ್ತು ಮನೆಯಿಂದ ಹೊರಗೆ ನಡೆದಾಡುವ ಹೊತ್ತು, ಈ ಮೂರನ್ನು ಬಿಗಿಯಾಗಿ ಇಟ್ಟುಕೊಂಡು ಉಳಿದುದನ್ನು ಸಡಿಲ ಬಿಡಿ.

ಮನಸ್ಸು ತೀರಾ ಕುದಿಯುತ್ತಿದ್ದರೆ ಬರೆಯುವುದರಿಂದ ಉಪಯೋಗವಿದೆ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮನ್ನು ಕಲಕಿದ ಘಟನೆಯನ್ನೂ ಅದರ ಕುರಿತ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತೆಂಬುದನ್ನೂ ಮರೆಯಬಾರದು. ಆದ್ದರಿಂದ ಮಲಗುವ ಮುಂಚೆ ಬರೆಯಬೇಡಿ, ಹಗಲಿನಲ್ಲಿ, ಮನೆಯಲ್ಲಿ ಯಾರಾದರೂ ಇರುವಾಗ ಬರೆಯಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸೆಯಿಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಬದುಕುವುದೇ ಬೇಡವೆಂಬ ಯೋಚನೆ ಬರುತ್ತಿದ್ದರೆ, ಅದು ಗುರುತಿನ ಹುಡುಕಾಟದ ಮಾತಲ್ಲ, ಚಿಕಿತ್ಸೆಯ ಮಾತು. ಈ ಹೆಜ್ಜೆಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಾಲ್ಕನೆಯ ಹೆಜ್ಜೆ: ಇಪ್ಪತ್ತು ವಾಕ್ಯಗಳು, ಆಮೇಲೆ ಇನ್ನೂ ಇಪ್ಪತ್ತು

ಇಡೀ ಕೆಲಸದ ತಿರುಳು ಈ ಹೆಜ್ಜೆಯಲ್ಲಿದೆ, ಇದಕ್ಕೆ ಒಂದು ಪೂರ್ತಿ ಬೆಳಗನ್ನು ತೆಗೆದಿಡಿ. ಸಮಾಜಶಾಸ್ತ್ರಜ್ಞರಾದ ಮ್ಯಾನ್‌ಫರ್ಡ್ ಕೂನ್ ಮತ್ತು ಥಾಮಸ್ ಮೆಕ್‌ಪಾರ್ಟ್‌ಲ್ಯಾಂಡ್ 1954ರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಪ್ರಕಟಿಸಿದರು. ‘ನಾನು ಯಾರು’ ಎಂಬ ಒಂದೇ ಪ್ರಶ್ನೆಗೆ, ಬೇರೆ ಯಾರಿಗೂ ಅಲ್ಲ, ತನಗೆ ತಾನೇ ಹೇಳಿಕೊಳ್ಳುವಂತೆ, 12 ನಿಮಿಷದಲ್ಲಿ 20 ಉತ್ತರಗಳನ್ನು ಬರೆಯಬೇಕು. ಹೆಚ್ಚಿನವರು ಮೊದಲು ಎಲ್ಲರಿಗೂ ಗೊತ್ತಿರುವ ಪಾತ್ರಗಳನ್ನೂ ಗುಂಪುಗಳನ್ನೂ ಬರೆದು ಮುಗಿಸುತ್ತಾರೆ, ಅವು ಖಾಲಿಯಾದ ಮೇಲಷ್ಟೇ ತಮ್ಮ ಸ್ವಭಾವದ, ಇಷ್ಟಾನಿಷ್ಟದ ಮಾತಿಗೆ ಬರುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ.

ನಾನೂ ಬರೆದೆ. ನಾನು ಸೊಸೆ, ನಾನು ಹೆಂಡತಿ, ನಾನು ಇಬ್ಬರು ಮಕ್ಕಳ ತಾಯಿ, ನಾನು ಅಕ್ಕ, ನಾನು ಈ ಊರಿನವಳು, ಎಂದು ಹನ್ನೊಂದರವರೆಗೆ ಬಂದು ನಿಂತುಬಿಟ್ಟೆ. ಬರೆದವುಗಳಲ್ಲಿ ಮೊದಲನೆಯದು ಆಗಲೇ ಸುಳ್ಳಾಗಿತ್ತು. ಒಂದು ಗಂಟೆ ಹಾಳೆಯ ಮುಂದೆ ಕುಳಿತ ಮೇಲೆ ಹೊಳೆದದ್ದನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ: ಆ ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟಿದ್ದು, ಕನ್ನಡದ ಮನಸ್ಸು ತನ್ನ ಬಗ್ಗೆ ಹೇಳಿಕೊಳ್ಳುವುದು ಬೇರೆ ದಾರಿಯಲ್ಲಿ. ನಮ್ಮ ಮಾತಿನಲ್ಲಿ ‘ನಾನು’ ಎಂದು ಆರಂಭಿಸಿದರೆ ಮುಂದೆ ಒಂದು ಪಟ್ಟ ಬಂದು ನೇರವಾಗಿ ಕೂರುತ್ತದೆ, ನಡುವೆ ಕ್ರಿಯಾಪದವೂ ಬೇಕಾಗುವುದಿಲ್ಲ: ನಾನು ಶಿಕ್ಷಕಿ, ನಾನು ಡ್ರೈವರ್. ಆದರೆ ನಮಗೆ ಏನು ಬರುತ್ತದೆ, ಏನು ಗೊತ್ತು, ಏನು ಇಷ್ಟ, ಯಾವುದರ ಭಯ, ಯಾವುದರ ಹಂಬಲ ಎಂಬುದನ್ನೆಲ್ಲ ಕನ್ನಡ ‘ನನಗೆ’ ಎಂದು ಹೇಳುತ್ತದೆ. ನನಗೆ ಈಜು ಬರುತ್ತದೆ. ನನಗೆ ಮಳೆಯ ಮುನ್ಸೂಚನೆ ಗೊತ್ತಾಗುತ್ತದೆ. ನನಗೆ ಗದ್ದಲ ಆಗದು. ಪಾತ್ರಗಳು ವಾಸಿಸುವುದು ‘ನಾನು’ ಎಂಬ ವಾಕ್ಯಗಳಲ್ಲಿ; ಪಾತ್ರ ಹೋದ ಮೇಲೂ ಉಳಿಯುವುದು ‘ನನಗೆ’ ಎಂಬ ವಾಕ್ಯಗಳಲ್ಲಿ ಇರುತ್ತದೆ.

ಆದ್ದರಿಂದ ಮಾಡಬೇಕಾದದ್ದು ಹೀಗೆ. ಮೊದಲ ಹಾಳೆಯಲ್ಲಿ ‘ನಾನು’ ಎಂದು ಆರಂಭವಾಗುವ 20 ವಾಕ್ಯ ಬರೆಯಿರಿ, ತುಂಬದಿದ್ದರೆ ಖಾಲಿ ಬಿಡಿ. ಅವುಗಳಲ್ಲಿ ಈಗ ಮುಗಿದುಹೋದ ಪಾತ್ರಗಳ ಕೆಳಗೆ ಗೆರೆ ಎಳೆಯಿರಿ. ಎರಡನೆಯ ಹಾಳೆಯಲ್ಲಿ, ಗೆರೆ ಎಳೆದ ಪಾತ್ರಗಳನ್ನು ಒಂದೊಂದಾಗಿ ತೆಗೆದುಕೊಂಡು, ಆ ಪಾತ್ರದಲ್ಲಿದ್ದಾಗ ನಿಮಗೆ ಏನೇನು ಬರುತ್ತಿತ್ತು, ಯಾವುದು ನಿಮಗೆ ಇಷ್ಟವಾಗುತ್ತಿತ್ತು, ಯಾವುದು ನಿಮ್ಮ ಕಣ್ಣಿಗೆ ಮಾತ್ರ ಬೀಳುತ್ತಿತ್ತು ಎಂಬುದನ್ನು ‘ನನಗೆ’ ಎಂಬ ವಾಕ್ಯಗಳಲ್ಲಿ ಬರೆಯಿರಿ. ಸಾಧ್ಯವಾದಷ್ಟು ಸಣ್ಣದಾಗಿ, ಕೈಗೆ ಸಿಗುವಂತೆ ಬರೆಯಬೇಕು. ‘ನನಗೆ ಸೇವೆ ಇಷ್ಟ’ ಎಂಬ ವಾಕ್ಯದಿಂದ ಏನೂ ಹುಟ್ಟುವುದಿಲ್ಲ. ‘ಮಾತು ಬಾರದವರ ಮುಖ ನೋಡಿದರೆ ನೋವು ಎಲ್ಲಿದೆಯೆಂದು ನನಗೆ ತಿಳಿಯುತ್ತದೆ’ ಎಂದು ನಾನು ಬರೆದುಕೊಂಡೆ. ಕೊನೆಯ ಎರಡು ವರ್ಷ ಅತ್ತೆಯವರಿಗೆ ಮಾತು ನಿಂತಿತ್ತು. ಶಾಲೆಯಿಂದ ನಿವೃತ್ತರಾದ ನೆರೆಯವರೊಬ್ಬರು ‘ನನಗೆ ಪಾಠ ಮಾಡುವುದು ಇಷ್ಟ’ ಎಂದು ಬರೆದು, ಅದನ್ನು ಹೊಡೆದು ಹಾಕಿ, ‘ಗೊತ್ತಾಗದೆ ಕುಳಿತ ಒಬ್ಬನಿಗೆ ಗೊತ್ತಾಗುವ ಕ್ಷಣವನ್ನು ನೋಡುವುದು ನನಗೆ ಇಷ್ಟ’ ಎಂದು ತಿದ್ದಿದರು. ಮೊದಲನೆಯದಕ್ಕೆ ತರಗತಿ ಬೇಕು, ಎರಡನೆಯದಕ್ಕೆ ಎದುರಿಗೆ ಒಬ್ಬ ಮನುಷ್ಯನಿದ್ದರೆ ಸಾಕು.

ಐದನೆಯ ಹೆಜ್ಜೆ: ಪಾತ್ರಕ್ಕಿಂತ ಮುಂಚಿನ ಸಾಕ್ಷಿಗಳನ್ನು ಕೇಳುವುದು

ನಮ್ಮ ಬಗ್ಗೆ ನಮಗೇ ಮರೆತುಹೋದದ್ದು ಇನ್ನೊಬ್ಬರ ನೆನಪಿನಲ್ಲಿರುತ್ತದೆ. ಆ ಪಾತ್ರ ಬರುವ ಮುಂಚೆ ನಿಮ್ಮನ್ನು ಬಲ್ಲ ಮೂವರನ್ನು, ಒಡಹುಟ್ಟಿದವರನ್ನೋ ಶಾಲೆಯ ಗೆಳತಿಯನ್ನೋ ಹಳೆಯ ನೆರೆಯವರನ್ನೋ, ಕಂಡು ಒಂದೇ ಪ್ರಶ್ನೆ ಕೇಳಿ: ‘ಹತ್ತು ಹನ್ನೆರಡು ವರ್ಷದವಳಿದ್ದಾಗ ಯಾರೂ ಹೇಳದೆ ನಾನು ಏನು ಮಾಡುತ್ತಿದ್ದೆ?’ ‘ಹೇಗಿದ್ದೆ’ ಎಂದು ಕೇಳಿದರೆ ‘ಒಳ್ಳೆಯ ಹುಡುಗಿ’ ಎನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ಏನು ಮಾಡುತ್ತಿದ್ದೆ ಎಂದೇ ಕೇಳಬೇಕು.

ನನ್ನ ತವರು ಶರಾವತಿ ಹಿನ್ನೀರಿನ ಆಚೆಗಿದೆ. ಮೊದಲಾಗಿದ್ದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು, 2025ರಲ್ಲಿ ಸಿಗಂದೂರು ಸೇತುವೆಯಾದ ಮೇಲೆ ಬಸ್ಸಿನಲ್ಲೇ ದಾಟಿ ಹೋಗಿ ಅಣ್ಣನನ್ನು ಕೇಳಿದೆ. ಅವನು ಯೋಚಿಸಲೂ ಇಲ್ಲ, ‘ಗೋಡೆ ಕಂಡಲ್ಲೆಲ್ಲ ಎಳೆ ಎಳೆಯುತ್ತಿದ್ದೆ, ಅಮ್ಮನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ’ ಎಂದ. ನಮ್ಮದು ಗೋಡೆಗೂ ಬುಟ್ಟಿಗೂ ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಮನೆ. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಮುಂಚೆ ಅಮ್ಮ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ, ಉಸಿರು ಹಿಡಿದು ಒಂದೊಂದೇ ಎಳೆ ಎಳೆಯುತ್ತಿದ್ದಳು. ನಾರಿನ ತುದಿಯನ್ನು ಜಜ್ಜಿ ಹದ ಮಾಡುವ ಕೆಲಸ ನನ್ನದಾಗಿತ್ತು. ಗಂಡನ ಮನೆಯಲ್ಲೂ ಬರೆಯುತ್ತಿದ್ದೆ, ಅತ್ತೆಯವರು ಮಲಗಿದ ವರ್ಷದಿಂದ ಬರೆದು ಸಿದ್ಧವಾದ ಬುಟ್ಟಿಯನ್ನೇ ಕೊಂಡು ತಂದೆವು, ಆಮೇಲೆ ಅದೇ ರೂಢಿಯಾಯಿತು. ಅಚ್ಚರಿಯೆಂದರೆ, ನನ್ನ ಎರಡೂ ಹಾಳೆಗಳ ವಾಕ್ಯಗಳಲ್ಲಿ ಎಲ್ಲಿಯೂ ಚಿತ್ತಾರದ ಸುದ್ದಿ ಇರಲಿಲ್ಲ. ಅದು ಪ್ರತಿ ಮನೆಯಲ್ಲೂ ಹೆಂಗಸರು ಮಾಡುವ ಕೆಲಸ, ಅದನ್ನೇನು ಬರೆಯುವುದು ಎಂದು ನನಗೇ ಗೊತ್ತಾಗದಂತೆ ನಾನು ಅದನ್ನು ಬಿಟ್ಟಿದ್ದೆ. ನಿಮ್ಮ ಪಟ್ಟಿಯಲ್ಲೂ ಹೀಗೆ ‘ಅದೇನು ಮಹಾ’ ಎಂದು ಬಿಟ್ಟುಹೋದದ್ದು ಇರುತ್ತದೆ, ಮುಖ್ಯವಾದದ್ದು ಬಹುಪಾಲು ಅಲ್ಲೇ ಇರುತ್ತದೆ.

ಆರನೆಯ ಹೆಜ್ಜೆ: ಪಟ್ಟವಿಲ್ಲದ ಸಣ್ಣ ಪ್ರಯೋಗಗಳು

‘ನನಗೆ’ ಪಟ್ಟಿಯಿಂದ ಎರಡು ಅಥವಾ ಮೂರು ವಾಕ್ಯಗಳನ್ನು ಆರಿಸಿ, ಪ್ರತಿಯೊಂದನ್ನೂ ನಾಲ್ಕು ವಾರ ಮಾಡಿ ನೋಡಿ. ಖರ್ಚು ಕಡಿಮೆ ಇರಲಿ, ವಾರಕ್ಕೊಮ್ಮೆಯಾದರೂ ಇನ್ನೊಬ್ಬರ ಜೊತೆ ಮಾಡುವಂತಿರಲಿ, ಆ ನಾಲ್ಕು ವಾರ ಅದಕ್ಕೊಂದು ಹೆಸರನ್ನು ಇಟ್ಟುಕೊಳ್ಳಬೇಡಿ. ಚಿತ್ತಾರ ಬರೆದ ಕೂಡಲೇ ‘ನಾನು ಕಲಾವಿದೆ’ ಎಂದುಕೊಂಡರೆ ಮತ್ತೆ ‘ನಾನು’ ಪಟ್ಟಿಗೇ ಮರಳಿದಂತೆ, ಆಮೇಲೆ ಎಳೆ ಚೆನ್ನಾಗಿ ಬಂತೇ ಎಂಬ ಚಿಂತೆಯೇ ದೊಡ್ಡದಾಗುತ್ತದೆ. ದಿನದ ಕೊನೆಗೆ ಎರಡೇ ಸಂಗತಿ ಬರೆದಿಡಿ: ಹೊತ್ತು ಹೋದದ್ದು ತಿಳಿಯಿತೇ ಇಲ್ಲವೇ, ಮರುದಿನ ಅದರ ಕಡೆಗೆ ಕೈ ತಾನಾಗಿ ಹೋಯಿತೇ ಇಲ್ಲವೇ. ಎರಡಕ್ಕೂ ಸಮಾಧಾನಕರ ಉತ್ತರ ಬಾರದ ಪ್ರಯೋಗವನ್ನು ಸಂಕೋಚವಿಲ್ಲದೆ ಕೈಬಿಡಿ. ನಾನು ಹೊಲಿಗೆಯನ್ನು ಎರಡೇ ವಾರಕ್ಕೆ ಬಿಟ್ಟೆ.

ಒಂದಕ್ಕಿಂತ ಹೆಚ್ಚು ಪ್ರಯೋಗ ಬೇಕೆನ್ನುವುದಕ್ಕೆ ಕಾರಣವಿದೆ. ತನ್ನನ್ನು ತಾನು ಹಲವು ಬೇರೆ ಬೇರೆ ನೆಲೆಗಳಲ್ಲಿ ಕಾಣುವವರನ್ನು ಒತ್ತಡದ ಘಟನೆಗಳು ಅಷ್ಟಾಗಿ ಕುಗ್ಗಿಸುವುದಿಲ್ಲ ಎಂದು ಮನೋವಿಜ್ಞಾನಿ ಪ್ಯಾಟ್ರಿಷಿಯಾ ಲಿನ್‌ವಿಲ್ 1987ರಲ್ಲಿ ತೋರಿಸಿದರು. ಮುಂದಿನ ಅಧ್ಯಯನಗಳ ಫಲ ಒಂದೇ ರೀತಿ ಬಂದಿಲ್ಲವಾದರೂ ನಮ್ಮ ನೆಲದ ಅನುಭವ ಅದರ ಕಡೆಗೇ ಇದೆ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಘ ಹುಟ್ಟಿದ್ದು ಅಡಿಕೆ ತೋಟದ ಕೆಲಸ ಮುಗಿಸಿ ಬಂದು ಬಣ್ಣ ಹಚ್ಚಿಕೊಳ್ಳುವ ಹವ್ಯಾಸಿಗಳಿಂದ. ಹಗಲು ಗದ್ದೆಯಲ್ಲಿದ್ದು ರಾತ್ರಿ ಯಕ್ಷಗಾನದ ವೇಷ ಕಟ್ಟುವವರು ನಮ್ಮ ಸೀಮೆಯ ತುಂಬ ಇದ್ದಾರೆ. ವೇಷ ಕಟ್ಟಿ ಕಳಚಿ ಅಭ್ಯಾಸವಿದ್ದವರಿಗೆ, ಬದುಕಿನ ಒಂದು ವೇಷ ಕಳಚಿದಾಗಲೂ ಮೈ ಉಳಿದಿದೆಯೆಂಬುದು ಗೊತ್ತಿರುತ್ತದೆ.

ಏಳನೆಯ ಹೆಜ್ಜೆ: ಜನ ಅಂಟಿಸುವ ಹೆಸರನ್ನು ನಿಭಾಯಿಸುವುದು

ನೀವು ಪಟ್ಟವಿಲ್ಲದೆ ಇರಲು ಕಲಿತರೂ ಊರು ಸುಮ್ಮನಿರುವುದಿಲ್ಲ. ತಾನೂ ಹಿಂದೆ ಕ್ರೈಸ್ತ ಸನ್ಯಾಸಿನಿಯಾಗಿದ್ದು ಹೊರಬಂದ ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಈಬೋ, ಪಾತ್ರದಿಂದ ಹೊರಬಂದವರನ್ನು ಕುರಿತು 1988ರಲ್ಲಿ ಬರೆಯುತ್ತ, ಜನ ಅವರನ್ನು ಅವರು ಈಗ ಏನಾಗಿದ್ದಾರೆ ಎಂಬುದಕ್ಕಿಂತ ಹಿಂದೆ ಏನಾಗಿದ್ದರು ಎಂಬುದರಿಂದಲೇ ಗುರುತಿಸುತ್ತಾರೆ ಎಂದರು. ಇದರ ಅರ್ಥ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ನೀರು ನಿಂತ ಮೇಲೆ ನನ್ನ ಅಜ್ಜ ಕಾಗದಪತ್ರಗಳಲ್ಲಿ ‘ಮುಳುಗಡೆ ಸಂತ್ರಸ್ತ’ ಆದರು, ಅವರ ಮಕ್ಕಳೂ ಮೊಮ್ಮಕ್ಕಳೂ ‘ಮುಳುಗಡೆಯವರು’ ಆದೆವು. ಹಕ್ಕು ಕೇಳಲು ಆ ಹೆಸರು ಬೇಕು, ಇಂದಿಗೂ ಬೇಕು. ಆದರೆ ನನಗೆ ನೆನಪಿರುವ ಅಜ್ಜ, ಬಿದಿರಿನ ಸಿಬಿರನ್ನು ಬೆರಳಲ್ಲಿ ಸವರಿಯೇ ಅದರ ವಯಸ್ಸು ಹೇಳಬಲ್ಲವರಾಗಿದ್ದರು. ‘ವಿಧವೆ’, ‘ನಿವೃತ್ತ’, ‘ಮಾಜಿ’ ಎಂಬವೂ ಹೀಗೆಯೇ. ಅರ್ಜಿಯಲ್ಲಿ ತುಂಬುವ ಜಾಗದಲ್ಲಿ ಅವನ್ನು ತುಂಬಿ, ಮಾತಿನಲ್ಲಿ ಬೇರೆ ಉತ್ತರವನ್ನು ಸಿದ್ಧವಿಟ್ಟುಕೊಳ್ಳಿ.

ಮದುವೆ ಮನೆಯ ಪಂಕ್ತಿಯಲ್ಲಿ ‘ಈಗ ಏನು ಮಾಡಿಕೊಂಡಿದ್ದೀರಿ’ ಎಂದು ಕೇಳಿದಾಗ ‘ಏನಿಲ್ಲ, ಮನೆಯಲ್ಲೇ’ ಎನ್ನುವುದನ್ನು ನಿಲ್ಲಿಸಿ, ಈ ವಾರ ಮಾಡಿದ ಒಂದು ಕೆಲಸವನ್ನು ಹೇಳಿ. ‘ಈ ವಾರ ಹೊಸ ಕುಂಚಕ್ಕೆ ಪುಂಡಿ ನಾರು ಹುಡುಕುತ್ತಿದ್ದೇನೆ’ ಎಂದರೆ ಪಕ್ಕದವರು ನಾರು ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ, ಮಾತು ಮುಂದಕ್ಕೆ ಹೋಗುತ್ತದೆ.

ಮನೆಯವರ ವಿಷಯ ಇದಕ್ಕಿಂತ ಸೂಕ್ಷ್ಮ. ಬಿಡುವಾದ ತಾಯಿಯನ್ನು ಕಂಡರೆ ಮಕ್ಕಳಿಗೆ ಮೊಮ್ಮಕ್ಕಳ ಆರೈಕೆಯ ನೆನಪಾಗುವುದು ಸಹಜ, ಅದರಲ್ಲಿ ಪ್ರೀತಿಯೂ ಇದೆ. ಮಗಳು ಬೆಂಗಳೂರಿಗೆ ಬಂದಿರಲು ಕರೆದಾಗ, ವರ್ಷದಲ್ಲಿ ಎರಡು ಬಾರಿ ಒಂದೊಂದು ತಿಂಗಳು ಬರುತ್ತೇನೆ, ಭೂಮಿ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಮಾತ್ರ ಇಲ್ಲ ಎಂದು ತಾರೀಖು ಸಹಿತ ಹೇಳಿದೆ. ‘ಆಗುವುದಿಲ್ಲ’ ಎನ್ನುವುದಕ್ಕಿಂತ ‘ಇಷ್ಟು ಆಗುತ್ತದೆ’ ಎನ್ನುವುದನ್ನು ಮನೆಯವರು ಬೇಗ ಒಪ್ಪುತ್ತಾರೆ. ಅವಳು ಒಂದು ವಾರ ಮುನಿಸಿಕೊಂಡಳು, ಆಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು.

ಒಂದು ವರ್ಷದ ಮೇಲೆ

ಮೊದಲ ಪಟ್ಟಿ ಬರೆದ ದಿನಾಂಕವನ್ನು ಹಾಳೆಯ ಮೇಲೆ ಹಾಕಿಟ್ಟಿರಬೇಕು. ವರ್ಷ ತುಂಬಿದ ದಿನ, ಹಳೆಯದನ್ನು ನೋಡದೆ, ಎರಡೂ ಪಟ್ಟಿಗಳನ್ನು ಹೊಸದಾಗಿ ಬರೆದು ಆಮೇಲೆ ಪಕ್ಕಪಕ್ಕದಲ್ಲಿ ಇಟ್ಟು ಓದಿ. ನೋಡಬೇಕಾದದ್ದು ಹೊಸ ಪಾತ್ರಗಳ ಸಂಖ್ಯೆಯನ್ನಲ್ಲ. ‘ನನಗೆ’ ವಾಕ್ಯಗಳು ಎಷ್ಟು ನಿರ್ದಿಷ್ಟವಾಗಿವೆ, ಅವುಗಳಲ್ಲಿ ಎಷ್ಟನ್ನು ಕಳೆದ ತಿಂಗಳಿನಲ್ಲಿ ನಿಜವಾಗಿ ಮಾಡಿದ್ದೀರಿ ಎಂಬುದನ್ನು ನೋಡಿ. ಮಾಡದೆ ಉಳಿದವುಗಳಿಂದ ಒಂದನ್ನು ಆರಿಸಿ ಆರನೆಯ ಹೆಜ್ಜೆಗೆ ಮರಳಬಹುದು.

ನನ್ನ ಎರಡನೆಯ ಪಟ್ಟಿಯಲ್ಲಿ ‘ನಾನು’ ಎಂಬ ವಾಕ್ಯಗಳು ಒಂಬತ್ತಕ್ಕೇ ನಿಂತವು. ‘ನನಗೆ’ ಎಂಬವು ಹಾಳೆ ತಿರುಗಿಸಿ ಹಿಂದಿನ ಬದಿಗೂ ಹೋದವು. ಮಗ್ಗುಲು ಬದಲಿಸುವುದನ್ನು ನಾನು ಕಲಿಸಿಕೊಟ್ಟ ಆ ಹುಡುಗಿ ತಿಂಗಳಿಗೆ ಎರಡು ಬಾರಿಯಾದರೂ ಫೋನ್ ಮಾಡಿ ತನ್ನ ಅಜ್ಜಿಯ ಮುಖ ಹೇಗಿದೆಯೆಂದು ವಿವರಿಸುತ್ತಾಳೆ, ನೋವು ಎಲ್ಲಿರಬಹುದೆಂದು ನಾನು ಹೇಳುತ್ತೇನೆ. ಬುಟ್ಟಿಯ ಮೇಲೆ ಕೆಮ್ಮಣ್ಣು ಒಣಗಿದೆ, ಅಕ್ಕಿಯನ್ನು ಬೆಳಿಗ್ಗೆಯೇ ನೆನೆಸಿಟ್ಟಿದ್ದೇನೆ.